‘ಆದಕಾರಣ’: ಹೀಬ್ರೂ ಪ್ರವಾದಿಗಳ ತೀರ್ಪಿನಲ್ಲಿ ಕಳೆದುಹೋಗುವ ಪದ

ಬೈಬಲಿನ ಆಮೋಸನ ಗ್ರಂಥದಲ್ಲಿ, ಬೇತೇಲಿನ ಅರ್ಚಕ ಅಮಚ್ಯ ತನ್ನ ಅರಸನಿಗೆ ಕಳುಹಿಸಿದ ವರದಿ ಎರಡು ಮೂರು ಸಾಲಿನದು. ಕ್ರಿ.ಪೂ. ಎಂಟನೆಯ ಶತಮಾನದ ನಡುಭಾಗ. ಉತ್ತರದ ಇಸ್ರಾಯೇಲ್ ರಾಜ್ಯವನ್ನು ಎರಡನೆಯ ಯಾರೊಬ್ಬಾಮ ಆಳುತ್ತಿದ್ದಾನೆ. ದಕ್ಷಿಣದ ಯೆಹೂದದಿಂದ ಬಂದ ಆಮೋಸ ಎಂಬೊಬ್ಬ ರಾಜಾಶ್ರಯದ ಗುಡಿಯ ಮುಂದೆ ನಿಂತು ಮಾತಾಡುತ್ತಿದ್ದಾನೆ. ಅಮಚ್ಯ ಬರೆಯುತ್ತಾನೆ: ಈತ ನಿನ್ನ ಮೇಲೆ ಒಳಸಂಚು ಹೂಡಿದ್ದಾನೆ, ಇವನ ಮಾತನ್ನು ಈ ನೆಲ ತಾಳಲಾರದು, ಯಾರೊಬ್ಬಾಮ ಕತ್ತಿಗೆ ಬಲಿಯಾಗುತ್ತಾನಂತೆ, ಇಸ್ರಾಯೇಲ್ ದೇಶಭ್ರಷ್ಟವಾಗುತ್ತದಂತೆ.

ವರದಿ ಪೂರ್ತಿ ಸುಳ್ಳಲ್ಲ. ಆದರೆ ಆಮೋಸ ಹೇಳಿದ್ದು ‘ಯಾರೊಬ್ಬಾಮನ ಮನೆತನ’ದ ಮೇಲೆ ಕತ್ತಿ ಏಳುತ್ತದೆ ಎಂದು. ಅಮಚ್ಯ ‘ಮನೆತನ’ವನ್ನು ಬಿಟ್ಟು ಅರಸನ ಹೆಸರನ್ನಷ್ಟೇ ಇಟ್ಟುಕೊಂಡ. ಇದು ಸಣ್ಣ ತಿದ್ದುಪಡಿ. ದೊಡ್ಡ ತಿದ್ದುಪಡಿ ಬೇರೆ ಇದೆ: ಯಾಕೆ ಎನ್ನುವುದು ವರದಿಯಲ್ಲಿಲ್ಲ. ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದ್ದು, ಊರಬಾಗಿಲ ನ್ಯಾಯದಲ್ಲಿ ಲಂಚ ತಿಂದದ್ದು, ಅಳತೆಯ ಕೊಳಗವನ್ನು ಕಿರಿದು ಮಾಡಿ ತೂಕದ ಕಲ್ಲನ್ನು ಹಿರಿದು ಮಾಡಿದ್ದು, ಯಾವುದೂ ಇಲ್ಲ. ಶಿಕ್ಷೆ ಉಳಿದಿದೆ, ಆರೋಪಪಟ್ಟಿ ಮಾಯವಾಗಿದೆ. ಆರೋಪ ತೆಗೆದ ತೀರ್ಪು ಬೆದರಿಕೆಯ ಹಾಗೆ ಕೇಳಿಸುತ್ತದೆ, ಅರಸನ ಕಿವಿಗೆ ಬಿದ್ದರೆ ರಾಜದ್ರೋಹವಾಗುತ್ತದೆ. ಅಮಚ್ಯನಿಗೆ ಬೇಕಾಗಿದ್ದುದೂ ಅಷ್ಟೇ.

ಇಂದು ಪ್ರವಾದಿಗಳನ್ನು ಓದುವ ನಾವೂ ಬಹುಮಟ್ಟಿಗೆ ಅಮಚ್ಯನಂತೆಯೇ ಓದುತ್ತೇವೆ. ‘ಪ್ರವಾದಿ’ ಎಂದೊಡನೆ ಕನ್ನಡದ ಓದುಗನಿಗೆ ಕಾಲಜ್ಞಾನ ನೆನಪಾಗುತ್ತದೆ, ಇಲ್ಲವೇ ಮೈಲಾರದ ಕಾರಣಿಕ: ಗೊರವಯ್ಯ ಬಿಲ್ಲೇರಿ ಒಂದು ಒಗಟಿನ ಸಾಲು ನುಡಿಯುತ್ತಾನೆ, ಅರ್ಥ ಬಿಡಿಸುವುದು ಕೇಳಿದವರ ಪಾಲಿಗೆ. ಹೀಬ್ರೂ ಪ್ರವಾದಿಯ ಮಾತಿನ ಕಟ್ಟಡವೇ ಬೇರೆ. ಅದು ನ್ಯಾಯಾಲಯದ ಆದೇಶದಂತಿದೆ. ಭಾಗಗಳನ್ನು ಬೆರಳಿಟ್ಟು ತೋರಿಸಬಹುದು.

ಅಮಚ್ಯನಿಗೇ ಆಮೋಸ ಕೊಟ್ಟ ಉತ್ತರವನ್ನು ಬಿಡಿಸಿ ನೋಡಿ. ಮೊದಲು ಇಸ್ರಾಯೇಲಿನ ದೇವರಾದ ಯೆಹೋವನ ಹೆಸರಿನಲ್ಲಿ ಕರೆ: ‘ಈಗ ಯೆಹೋವನ ಮಾತನ್ನು ಕೇಳು.’ ಆಮೇಲೆ ಆರೋಪ, ಅದೂ ಆರೋಪಿಯ ಬಾಯಿಮಾತಿನಲ್ಲೇ: ‘ಇಸ್ರಾಯೇಲಿಗೆ ವಿರುದ್ಧವಾಗಿ ಪ್ರವಾದಿಸಬೇಡ ಎನ್ನುತ್ತೀಯಲ್ಲ.’ ಮುಂದೆ ಕೀಲಿನಂಥ ಒಂದು ಪದ, ‘ಲಾಖೇನ್’. ಕನ್ನಡ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ‘ಆದಕಾರಣ’, ‘ಹೀಗಿರಲು’ ಎಂದೆಲ್ಲ ಬರುವ ಪದ ಇದೇ. ಅದರ ಬೆನ್ನಿಗೆ ‘ಯೆಹೋವನು ಇಂತೆನ್ನುತ್ತಾನೆ’ ಎಂಬ ಮುದ್ರೆ. ಕೊನೆಗೆ ಶಿಕ್ಷೆ: ನಿನ್ನ ಹೆಂಡತಿ ಊರಲ್ಲಿ ಸೂಳೆಯಾಗುವಳು, ಮಕ್ಕಳು ಕತ್ತಿಗೆ ಬೀಳುವರು, ಹೊಲವನ್ನು ಹಗ್ಗದಿಂದ ಅಳೆದು ಹಂಚುವರು, ನೀನು ಅಶುದ್ಧ ನೆಲದಲ್ಲಿ ಸಾಯುವೆ. ಕ್ರೂರ ಮಾತು, ಹೌದು. ಗೆದ್ದ ಸೈನ್ಯವೊಂದು ಸೋತ ಊರಿಗೆ ಮಾಡುತ್ತಿದ್ದುದರ ಪಟ್ಟಿ ಅದು. ಹೆಂಡತಿ ಮಕ್ಕಳು ಆ ಪಟ್ಟಿಯೊಳಗೆ ಸಿಕ್ಕಿಬೀಳುವುದನ್ನು ನಯಗೊಳಿಸುವ ವ್ಯಾಖ್ಯಾನಗಳು ನನಗೆ ಒಪ್ಪಿಗೆಯಿಲ್ಲ. ಆದರೂ ‘ಆದಕಾರಣ’ದ ಮೇಲೆ ಬೆರಳಿಟ್ಟು ಹಿಂದಕ್ಕೂ ಮುಂದಕ್ಕೂ ಓದಿದಾಗಲೇ ಈ ಮಾತಿನ ಲೆಕ್ಕ ಸರಿಹೋಗುತ್ತದೆ. ಬರೀ ಮುಂದಕ್ಕೆ ಓದಿದರೆ ಕಣಿ.

ತಾನು ಪ್ರವಾದಿಯೂ ಅಲ್ಲ, ಪ್ರವಾದಿಗಳ ಸಂಘದವನೂ ಅಲ್ಲ, ದನ ಕಾಯುವವನು, ಅತ್ತಿಹಣ್ಣು ನೋಡಿಕೊಳ್ಳುವವನು ಎಂದೂ ಅಲ್ಲೇ ಆಮೋಸ ಹೇಳಿಕೊಳ್ಳುತ್ತಾನೆ. ಆ ಅತ್ತಿಯ ಕೆಲಸ ಏನೆಂದರೆ, ಮರ ಹತ್ತಿ ಒಂದೊಂದು ಕಾಯಿಗೂ ಚಾಕುವಿನಿಂದ ಗೀರು ಹಾಕುವುದು. ಗಾಯವಾದ ಕಾಯಿ ಬೇಗ ಹಣ್ಣಾಗುತ್ತದೆ. ಅವನ ಊರು ತೆಕೋವ ಎತ್ತರದ ಗುಡ್ಡ, ಈ ಅತ್ತಿ ಬೆಳೆಯುವುದು ತಗ್ಗುನೆಲದಲ್ಲಿ. ಅಂದರೆ ಋತುವಿಗೆ ತಕ್ಕಂತೆ ಇಳಿದು ಹೋಗಿ ದುಡಿಯುತ್ತಿದ್ದನೇನೋ. ಅಧಿಕಾರ ಕುಲದಿಂದ ಬಂದದ್ದಲ್ಲ, ಹುದ್ದೆಯಿಂದ ಬಂದದ್ದಲ್ಲ ಎನ್ನುವುದು ಅವನ ಮಾತಿನ ಹುರುಳು. ಹಾಗಾದರೆ ಎಲ್ಲಿಂದ ಬಂತು?

‘ಕೋ ಅಮರ್ ಯೆಹೋವ’, ಯೆಹೋವನು ಇಂತೆನ್ನುತ್ತಾನೆ. ಇದು ಗುಡಿಯಲ್ಲಿ ಹುಟ್ಟಿದ ಮಂತ್ರವಲ್ಲ, ಓಲೆಕಾರನ ವೃತ್ತಿಯ ಮಾತು. ಯಾಕೋಬ ತನ್ನ ಅಣ್ಣ ಏಸಾವನಿಗೆ ಆಳುಗಳನ್ನು ಕಳುಹಿಸುವಾಗ ‘ನಿನ್ನ ಸೇವಕ ಯಾಕೋಬನು ಹೀಗೆನ್ನುತ್ತಾನೆ ಎನ್ನಿ’ ಎಂದು ಕಲಿಸಿಕೊಡುತ್ತಾನೆ. ದೂತ ಕಳುಹಿಸಿದವನ ‘ನಾನು’ ಆಗಿ ಮಾತಾಡುತ್ತಾನೆ, ಮಾತು ಮುಗಿದೊಡನೆ ತಾನು ಯಾರೂ ಅಲ್ಲದ ಸ್ಥಿತಿಗೆ ಮರಳುತ್ತಾನೆ. ಪ್ರವಾದಿಯ ಗ್ರಂಥಗಳಲ್ಲಿ ‘ನಾನು’ ಒಮ್ಮೆ ದೇವರಾಗಿ, ಮರುಸಾಲಿನಲ್ಲಿ ಮನುಷ್ಯನಾಗಿ ಓದುಗನನ್ನು ಗಲಿಬಿಲಿಗೊಳಿಸುವುದು ಈ ಕಾರಣಕ್ಕೆ.

ತೊಡಕೆಂದರೆ, ಓಲೆಕಾರನ ಮಾತನ್ನು ಯಾರು ಬೇಕಾದರೂ ಆಡಬಹುದು. ಕ್ರಿ.ಪೂ. 701ರಲ್ಲಿ ಅಶ್ಶೂರದ (ಅಸ್ಸೀರಿಯಾದ) ಅರಸ ಸನ್ಹೇರೀಬ ಯೆಹೂದದ ಮೇಲೆ ಬಂದ. ತನ್ನ ಶಾಸನದಲ್ಲಿ 46 ಕೋಟೆಯೂರುಗಳನ್ನು ಹಿಡಿದೆನೆಂದೂ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆನೆಂದೂ ಕೊಚ್ಚಿಕೊಂಡಿದ್ದಾನೆ. ಬೈಬಲಿನ ಕಥನದ ಪ್ರಕಾರ ಅವನ ಅಧಿಕಾರಿ ರಬ್ಷಾಕೆ ಗೋಡೆಯ ಕೆಳಗೆ ನಿಂತು ‘ಮಹಾರಾಜನಾದ ಅಶ್ಶೂರದ ಅರಸನು ಇಂತೆನ್ನುತ್ತಾನೆ’ ಎಂದು ಜನರ ಭಾಷೆಯಲ್ಲೇ ಕೂಗುತ್ತಾನೆ. ಜನ ಕೇಳಿಸಿಕೊಳ್ಳುತ್ತಾರೆ, ಅರಮೀಯ ಭಾಷೆಯಲ್ಲಿ ಮಾತಾಡು ಎಂದು ಹಿಜ್ಕೀಯನ ಮಂತ್ರಿಗಳು ಬೇಡುತ್ತಾರೆ, ಅವನು ಒಪ್ಪುವುದಿಲ್ಲ. ಒಳಗಿನಿಂದ ಪ್ರವಾದಿ ಯೆಶಾಯನ ಉತ್ತರವೂ ಅದೇ ಅಚ್ಚಿನಲ್ಲಿ ಬರುತ್ತದೆ: ‘ಯೆಹೋವನು ಇಂತೆನ್ನುತ್ತಾನೆ.’ ಇಬ್ಬರು ದೊರೆಗಳು, ಇಬ್ಬರು ಓಲೆಕಾರರು, ಒಂದೇ ವ್ಯಾಕರಣ. ಸಾಲದ್ದಕ್ಕೆ ರಬ್ಷಾಕೆ ಇನ್ನೊಂದು ಪಟ್ಟು ಹಾಕುತ್ತಾನೆ: ಈ ದೇಶವನ್ನು ಹಾಳುಮಾಡು ಎಂದು ಯೆಹೋವನೇ ನನ್ನನ್ನು ಕಳುಹಿಸಿದ್ದಾನೆ! ಸ್ವಾರಸ್ಯವೆಂದರೆ ಯೆಶಾಯನೂ ಅಶ್ಶೂರವನ್ನು ಯೆಹೋವನ ಸಿಟ್ಟಿನ ಕೋಲು ಎಂದೇ ಕರೆದಿದ್ದ. ಆದರೆ ಅದರ ಜೊತೆಗೇ, ಕೊಡಲಿ ತನ್ನನ್ನು ಬೀಸುವವನ ಮುಂದೆ ಜಂಬ ಕೊಚ್ಚಬಹುದೇ ಎಂದೂ ಕೇಳಿದ್ದ. ಕೋಲಿಗೂ ವಿಚಾರಣೆ ಉಂಟು.

ಓಲೆ ನಿಜವೋ ಅಲ್ಲವೋ ಎಂದು ಪರೀಕ್ಷಿಸುವ ತಲೆನೋವು ಇಸ್ರಾಯೇಲಿಗಿಂತ ಬಹಳ ಹಳೆಯದು. ಯೂಫ್ರಟಿಸ್ ದಂಡೆಯ ಮಾರಿ ಪಟ್ಟಣದಲ್ಲಿ ಕ್ರಿ.ಪೂ. 18ನೆಯ ಶತಮಾನದ ಅರಮನೆ ಕಾಗದಪತ್ರಗಳು, ಅಂದರೆ ಜೇಡಿಮಣ್ಣಿನ ಫಲಕಗಳು, ಸಿಕ್ಕಿವೆ. ಅರಸ ಜಿಮ್ರಿಲಿಮನಿಗೆ ಅಧಿಕಾರಿಗಳು ಬರೆಯುತ್ತಾರೆ: ಇಂಥ ಗುಡಿಯಲ್ಲಿ ಇಂಥವಳ ಮೈಮೇಲೆ ದೇವರು ಬಂದು ಹೀಗೆ ನುಡಿಯಿತು, ಅವಳ ಕೂದಲ ಎಳೆಯನ್ನೂ ಬಟ್ಟೆಯ ಅಂಚನ್ನೂ ಇದರೊಂದಿಗೆ ಕಳುಹಿಸಿದ್ದೇನೆ. ಕೂದಲು, ಅಂಚು ಯಾಕೆಂದರೆ ನುಡಿದವರ ಗುರುತಿಗೆ. ಆಮೇಲೆ ಕುರಿ ಕಡಿದು ಪಿತ್ತಜನಕಾಂಗ ನೋಡಿ ಮಾತು ಸರಿಯೋ ತಪ್ಪೋ ಎಂದು ತಾಳೆ ಹಾಕುತ್ತಿದ್ದರು. ‘ಅನ್ಯಾಯವಾದವನು ನಿನ್ನ ಬಳಿ ಮೊರೆಯಿಟ್ಟರೆ ಎದ್ದು ನಿಂತು ನ್ಯಾಯ ತೀರಿಸು’ ಎಂದು ಹಲಬಿನ (ಇಂದಿನ ಅಲೆಪ್ಪೊ) ಅದ್ದು ದೇವರು ಇದೇ ಅರಸನಿಗೆ ಹೇಳಿಸಿದ್ದೂ ಉಂಟು. ಹಾಗಾಗಿ ನ್ಯಾಯದ ಕಾಳಜಿ ಇಸ್ರಾಯೇಲಿನ ದೇವರಿಗೆ ಮಾತ್ರ ಇತ್ತು ಎನ್ನುವ ಉಪದೇಶದ ಮಾತನ್ನು ನಂಬಬೇಡಿ. ತನ್ನ ನೆಲದ ಮೇಲೆ ತಾನೇ ಮುನಿಯುವ ದೇವರೂ ಅಪರೂಪವಲ್ಲ. ಮೋವಾಬಿನ ಅರಸ ಮೇಷ ಕ್ರಿ.ಪೂ. 9ನೆಯ ಶತಮಾನದ ತನ್ನ ಕಲ್ಲಿನಲ್ಲಿ, ಕೆಮೋಷ್ ದೇವರು ತನ್ನ ದೇಶದ ಮೇಲೆ ಸಿಟ್ಟಾಗಿದ್ದುದರಿಂದ ಇಸ್ರಾಯೇಲ್ ನಮ್ಮನ್ನು ತುಳಿಯಿತು ಎಂದು ಬರೆಸಿದ್ದಾನೆ. ಆದರೆ ಕೆಮೋಷ್ ಸಿಟ್ಟಾದದ್ದು ಯಾವ ತಪ್ಪಿಗೆ? ಕಲ್ಲು ಹೇಳುವುದಿಲ್ಲ. ಆಮೋಸ, ಮೀಕ, ಯೆಶಾಯರು ಬೇರೆಯಾಗುವುದು ಇಲ್ಲಿ. ಅವರ ದೇವರು ಸಿಟ್ಟಾಗುತ್ತಾನೆ ಅನ್ನುವುದಕ್ಕಿಂತ, ಸಿಟ್ಟಿಗೆ ಪಟ್ಟಿ ಕೊಡುತ್ತಾನೆ ಅನ್ನುವುದು ಮುಖ್ಯ.

ಆ ಪಟ್ಟಿ ಮೋಡದ ಮೇಲಿನದಲ್ಲ. ‘ಒತ್ತೆ ಇಟ್ಟ ಬಟ್ಟೆಗಳ ಮೇಲೆ ಎಲ್ಲ ಬಲಿಪೀಠಗಳ ಬಳಿಯಲ್ಲೂ ಒರಗುತ್ತಾರೆ’ ಎಂಬ ಆಮೋಸನ ಆರೋಪವನ್ನೇ ತೆಗೆದುಕೊಳ್ಳಿ. ಬಡವನ ಮೇಲುಹೊದಿಕೆಯನ್ನು ಸಾಲಕ್ಕೆ ಒತ್ತೆ ಹಿಡಿದರೆ ಹೊತ್ತು ಮುಳುಗುವ ಮೊದಲು ಹಿಂದಿರುಗಿಸಬೇಕು ಎಂದು ವಿಮೋಚನಕಾಂಡದ ಕಟ್ಟಳೆ; ರಾತ್ರಿ ಹೊದ್ದುಕೊಳ್ಳಲು ಅವನಿಗೆ ಇನ್ನೇನಿದೆ ಎಂದು ಕಟ್ಟಳೆಯೇ ಕೇಳುತ್ತದೆ. ಇದು ಬರೀ ಗ್ರಂಥದ ಮಾತಲ್ಲ. ಇಸ್ರೇಲಿನ ಕರಾವಳಿಯಲ್ಲಿ ಯಾವ್ನೆ ಯಾಮ್ ಬಳಿಯ ಪುಟ್ಟ ಕೋಟೆಯೊಂದರಲ್ಲಿ 1960ರಲ್ಲಿ ಶಾಯಿಯಲ್ಲಿ ಬರೆದ ಮಡಕೆಚೂರು ಸಿಕ್ಕಿತು, ಕ್ರಿ.ಪೂ. ಏಳನೆಯ ಶತಮಾನದ ಕೊನೆಯದು. ಕೊಯ್ಲಿನ ಆಳೊಬ್ಬ ಕೋಟೆಯ ಅಧಿಕಾರಿಗೆ ಕೊಟ್ಟ ಅರ್ಜಿ: ನಾನು ಕೊಯ್ದು ಕಣಜಕ್ಕೆ ತುಂಬಿದ್ದೇನೆ, ಲೆಕ್ಕ ಮುಗಿಸಿದ್ದೇನೆ, ಆದರೂ ಶೋಬೈಯ ಮಗ ಹೋಷಯಾಹು ಬಂದು ನನ್ನ ಬಟ್ಟೆ ಕಿತ್ತುಕೊಂಡ, ಬಿಸಿಲಲ್ಲಿ ನನ್ನೊಡನೆ ಕೊಯ್ದವರೆಲ್ಲ ಸಾಕ್ಷಿ ಹೇಳುತ್ತಾರೆ, ನನ್ನ ಬಟ್ಟೆ ಕೊಡಿಸು. ಆಮೋಸನ ಒಂದು ಸಾಲಿನ ಹಿಂದೆ ಇಂಥ ಎಷ್ಟು ಅರ್ಜಿಗಳು ನಿಂತಿದ್ದವೋ. ಅರ್ಜಿಗೆ ಊರಬಾಗಿಲಲ್ಲಿ ಉತ್ತರ ಸಿಗದಾಗ ಅದು ಮೇಲಿನ ಕೋರ್ಟಿಗೆ ಹೋಗುತ್ತದೆ. ಪ್ರವಾದಿಯ ತೀರ್ಪು ಮೇಲ್ಮನವಿಯ ತೀರ್ಪು.

‘ಊರಬಾಗಿಲು’ ಅಂದಾಗ ಕಣ್ಣಿಗೆ ಕಟ್ಟಿಕೊಳ್ಳಬೇಕಾದ್ದು ನಿಜವಾದ ಬಾಗಿಲನ್ನೇ. ದಾನ್, ಗೆಜೆರ್ ಮುಂತಾದ ಹಳೆಯ ಪಟ್ಟಣಗಳಲ್ಲಿ ಅಗೆದಾಗ ಬಾಗಿಲ ಬಳಿ ಕಲ್ಲಿನ ಜಗಲಿಗಳು ಕಂಡಿವೆ. ಹಿರಿಯರು ಕುಳಿತು ವ್ಯಾಜ್ಯ ಕೇಳುತ್ತಿದ್ದುದು ಬಾಗಿಲಲ್ಲೇ. ಸರ್ಕಾರಿ ವಕೀಲ ಎಂಬುವನಿಲ್ಲ. ನೊಂದವನೇ ವಾದಿ, ಅವನೇ ಸಾಕ್ಷಿಗಳನ್ನು ಕರೆತರಬೇಕು. ಹೀಬ್ರೂವಿನಲ್ಲಿ ಇಂಥ ವ್ಯಾಜ್ಯಕ್ಕೆ ‘ರೀವ್’ ಎನ್ನುತ್ತಾರೆ. ಮೀಕನ ಆರನೆಯ ಅಧ್ಯಾಯದಲ್ಲಿ ಯೆಹೋವ ತನ್ನ ಜನರ ಮೇಲೆ ರೀವ್ ಹೂಡುತ್ತಾನೆ, ಬೆಟ್ಟಗಳನ್ನು ಸಾಕ್ಷಿಗೆ ನಿಲ್ಲಿಸುತ್ತಾನೆ. ಬೆಟ್ಟ, ಆಕಾಶ, ಭೂಮಿಗಳನ್ನು ಸಾಕ್ಷಿ ಕರೆಯುವುದು ಹಿಟ್ಟೈಟ್ ರಾಜರ ಒಪ್ಪಂದಗಳಿಂದಲೂ ಬಲ್ಲ ಪದ್ಧತಿ. ಕಕ್ಷಿದಾರನೇ ನ್ಯಾಯಾಧೀಶನಾದರೆ ನ್ಯಾಯವೆಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಆ ಪಠ್ಯಗಳಿಗೂ ತಟ್ಟಿದೆ ಎಂದೇ ನನ್ನ ಅನಿಸಿಕೆ, ಯಾಕೆಂದರೆ ಅವು ಮತ್ತೆ ಮತ್ತೆ ತೀರ್ಪನ್ನು ಕೇಳುಗನ ಬಾಯಿಂದಲೇ ಹೊರಡಿಸಲು ಹೆಣಗುತ್ತವೆ.

ಯೆಶಾಯನ ದ್ರಾಕ್ಷಿತೋಟದ ಹಾಡು ಹಾಗೆ ಕಟ್ಟಿದ ಬಲೆ. ಗೆಳೆಯನೊಬ್ಬ ತೋಟ ಮಾಡಿದ: ಅಗೆದ, ಕಲ್ಲು ಆಯ್ದು ತೆಗೆದ, ಒಳ್ಳೆಯ ಜಾತಿಯ ಬಳ್ಳಿ ನೆಟ್ಟ, ಕಾವಲುಗೋಪುರ ಕಟ್ಟಿದ, ಬಂಡೆಯಲ್ಲಿ ದ್ರಾಕ್ಷಿ ತುಳಿಯುವ ತೊಟ್ಟಿ ಕೊರೆಸಿದ. ಬಂದದ್ದು ನಾರುವ ಹಣ್ಣು. ಈಗ ನೀವೇ ಹೇಳಿ, ನನಗೂ ತೋಟಕ್ಕೂ ನ್ಯಾಯ ತೀರಿಸಿ ಎಂದು ಯೆರೂಸಲೇಮಿನವರನ್ನು ಕೇಳುತ್ತಾನೆ. ಅವರು ಮನಸ್ಸಿನಲ್ಲಿ ತೀರ್ಪು ಕೊಟ್ಟಾದ ಮೇಲೆ ತೋಟ ನೀವೇ ಎನ್ನುತ್ತಾನೆ. ಹಾಡಿನ ಕೊನೆಗೆ ಒಂದು ಶ್ಲೇಷೆ, ಯಾವ ಭಾಷೆಗೂ ಬಾರದ್ದು: ಅವನು ಎದುರು ನೋಡಿದ್ದು ‘ಮಿಷ್ಪಾಟ್’, ಸಿಕ್ಕಿದ್ದು ‘ಮಿಸ್ಪಾಖ್’, ಎದುರು ನೋಡಿದ್ದು ‘ತ್ಸೆದಾಕಾ’, ಕೇಳಿಸಿದ್ದು ‘ತ್ಸೆಆಕಾ’. ನ್ಯಾಯಕ್ಕೆ ಬದಲು ರಕ್ತಪಾತ, ನೀತಿಗೆ ಬದಲು ಗೋಳು. ಒಂದೊಂದು ಅಕ್ಷರ ಜಾರಿದೆ ಅಷ್ಟೆ. ದೂರದಿಂದ ಕೇಳಿದರೆ ಎರಡೂ ಒಂದೇ ಎನಿಸಬೇಕು.

ಆಮೋಸನ ಮೊದಲೆರಡು ಅಧ್ಯಾಯಗಳ ಬಲೆ ಇನ್ನೂ ದೊಡ್ಡದು. ದಮಸ್ಕ, ಗಾಜ, ತೂರ್, ಎದೋಮ್, ಅಮ್ಮೋನ್, ಮೋವಾಬ್ ಎಂದು ಸುತ್ತಲಿನ ನಾಡುಗಳ ಮೇಲೆ ಒಂದಾದ ಮೇಲೊಂದು ತೀರ್ಪು. ಕೇಳುವವರು ತಲೆದೂಗುತ್ತಿರಬೇಕು. ಮೋವಾಬಿನ ಅಪರಾಧವನ್ನು ಗಮನಿಸಿ: ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದು. ಇದರಲ್ಲಿ ಇಸ್ರಾಯೇಲಿಗೆ ಆದ ನಷ್ಟ ಏನೂ ಇಲ್ಲ. ಪರದೇಶ ಪರದೇಶಕ್ಕೆ ಮಾಡಿದ ಅನ್ಯಾಯವೂ ಈ ದೇವರ ವ್ಯಾಪ್ತಿಗೆ ಬರುತ್ತದೆ ಎಂದು ಸದ್ದಿಲ್ಲದೆ ಹೇಳಿಯಾಯಿತು. ಆಮೇಲೆ ಯೆಹೂದ, ಆ ಭಾಗದ ಶೈಲಿ ಬೇರೆ, ನಂತರ ಸೇರಿಸಿದ್ದೆಂದು ಹಲವು ವಿದ್ವಾಂಸರ ಮತ. ಕೊನೆಗೆ ಕುಣಿಕೆ ಇಸ್ರಾಯೇಲಿನ ಕೊರಳಿಗೆ. ಹೊರಗಿನವರದು ಯುದ್ಧಾಪರಾಧ, ಒಳಗಿನವರದು ಸಾಲ, ಒತ್ತೆ, ಕೆರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದೇ ಬೇತೇಲಿನವರಿಗೆ ತಡೆಯಲಾಗದ ಮಾತಾಗಿರಬೇಕು.

ಇನ್ನು ಅತಿ ಹೆಚ್ಚು ಎಡವುವ ಜಾಗಕ್ಕೆ ಬರೋಣ. ನುಡಿದದ್ದು ನಡೆಯಿತೇ? ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯ ಕೊಡುವ ಪರೀಕ್ಷೆ ಸರಳ: ಯೆಹೋವನ ಹೆಸರಿನಲ್ಲಿ ಹೇಳಿದ್ದು ನಡೆಯದೆ ಹೋದರೆ ಅದು ಅವನ ಮಾತಲ್ಲ. ಈ ಅಳತೆಗೋಲು ಹಿಡಿದು ಪ್ರವಾದಿಗಳನ್ನು ಅಳೆಯಹೊರಟರೆ ಮೊದಲ ಏಟಿಗೇ ಕೋಲು ಮುರಿಯುತ್ತದೆ. ಯೆರೂಸಲೇಮಿನ ಚೀಯೋನ್ ಗುಡ್ಡ ಹೊಲದಂತೆ ಉಳಲ್ಪಡುವುದು, ಯೆರೂಸಲೇಮ್ ಹಾಳುದಿಬ್ಬವಾಗುವುದು ಎಂದು ಮೀಕ ಹಿಜ್ಕೀಯನ ಕಾಲದಲ್ಲಿ ನುಡಿದ. ಆ ಕಾಲದಲ್ಲಿ ಅದು ಆಗಲಿಲ್ಲ. ತೂರ್ ಪಟ್ಟಣವನ್ನು ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಕೆಡವಿ ಕೊಳ್ಳೆ ಹೊಡೆಯುತ್ತಾನೆ ಎಂದು ಯೆಹೆಜ್ಕೇಲ ನುಡಿದ. ಕೆಲವೇ ಅಧ್ಯಾಯಗಳ ಮುಂದೆ, ಕ್ರಿ.ಪೂ. 571ಕ್ಕೆ ಸರಿಹೊಂದುವ ತಾರೀಖು ಹಾಕಿ, ಸೈನಿಕರ ತಲೆ ಬೋಳಾಯಿತು, ಹೆಗಲು ಸುಲಿಯಿತು, ಆದರೂ ತೂರಿನಿಂದ ಕೂಲಿ ಗಿಟ್ಟಲಿಲ್ಲ, ಬದಲಿಗೆ ಈಜಿಪ್ಟನ್ನು ಕೊಡುತ್ತೇನೆ ಎಂಬ ಇನ್ನೊಂದು ಮಾತು ಅದೇ ಗ್ರಂಥದಲ್ಲಿದೆ. ಸಂಪಾದಕರು ಮೊದಲನೆಯದನ್ನು ಅಳಿಸಿಬಿಡಬಹುದಿತ್ತು. ಅಳಿಸಲಿಲ್ಲ.

ಯೆರೆಮೀಯ ಕುಂಬಾರನ ಮನೆಗೆ ಹೋದ ಪ್ರಸಂಗದಲ್ಲಿ ಇದಕ್ಕೆ ಸೂತ್ರವಿದೆ: ಒಂದು ರಾಜ್ಯವನ್ನು ಕೀಳುತ್ತೇನೆ ಎಂದು ಹೇಳಿದ ಮೇಲೆ ಅದು ಕೆಟ್ಟತನದಿಂದ ತಿರುಗಿಕೊಂಡರೆ ನಾನೂ ಮನಸ್ಸು ಬದಲಿಸುತ್ತೇನೆ, ಕಟ್ಟುತ್ತೇನೆ ಎಂದ ಮೇಲೆ ಅದು ಕೆಟ್ಟರೆ ಆಗಲೂ ಅಷ್ಟೇ. ಕಾರಣ ಹೇಳಿ ಕೊಟ್ಟ ತೀರ್ಪಿಗೆ ಈ ಗುಣ ತಾನಾಗಿಯೇ ಬರುತ್ತದೆ. ಕಾರಣ ತೆಗೆದರೆ ಶಿಕ್ಷೆಗೆ ನೆಲೆಯಿಲ್ಲ. ಇದನ್ನು ತಿರುವಿ ತಮಾಷೆ ಮಾಡುವುದು ಯೋನನ ಕತೆ. ನಿನೆವೆಯಲ್ಲಿ ಅವನ ಪ್ರವಾದನೆ ಹೀಬ್ರೂವಿನಲ್ಲಿ ಐದೇ ಪದ: ಇನ್ನು ನಲವತ್ತು ದಿನ, ನಿನೆವೆ ಬುಡಮೇಲು. ಯಾರು ಹೇಳಿದ್ದೆಂದಿಲ್ಲ, ಯಾಕೆಂದಿಲ್ಲ, ತಪ್ಪಿಸಿಕೊಳ್ಳುವ ದಾರಿಯಿಲ್ಲ. ‘ಆದಕಾರಣ’ ಪೂರ್ತಿ ನುಂಗಿದ ತೀರ್ಪು! ಕಾರಣವನ್ನು ನಿನೆವೆಯವರೇ ತುಂಬಿಕೊಳ್ಳುತ್ತಾರೆ. ದನಕರುಗಳಿಗೂ ಗೋಣಿತಟ್ಟು ಹೊದಿಸಿ ಉಪವಾಸ ಕೆಡವುತ್ತಾರೆ. ಊರು ಉಳಿಯುತ್ತದೆ, ಯೋನ ಸಿಡುಕುತ್ತಾನೆ.

ಹಾಗಾದರೆ ಸುಳ್ಳು ಪ್ರವಾದಿಯನ್ನು ಆಗಿಂದಾಗಲೇ ಗುರುತಿಸುವುದು ಹೇಗೆ? ನಿಜ ಹೇಳಬೇಕೆಂದರೆ ಗುರುತಿಸಲಾಗದು, ಮತ್ತು ಯೆರೆಮೀಯನ ಇಪ್ಪತ್ತೆಂಟನೆಯ ಅಧ್ಯಾಯ ಅದನ್ನು ಮುಚ್ಚಿಡುವುದಿಲ್ಲ. ಕ್ರಿ.ಪೂ. 594ರ ಸುಮಾರಿಗೆ ಯೆರೆಮೀಯ ಬಾಬೆಲಿಗೆ ತಲೆಬಾಗಬೇಕೆಂದು ಕೊರಳಿಗೆ ಮರದ ನೊಗ ಹಾಕಿಕೊಂಡು ತಿರುಗುತ್ತಿದ್ದ. ದೇವಾಲಯದಲ್ಲಿ ಜನರೆದುರು ಗಿಬ್ಯೋನಿನ ಹನನ್ಯ ‘ಯೆಹೋವನು ಇಂತೆನ್ನುತ್ತಾನೆ’ ಎಂದೇ ಶುರುಮಾಡಿ, ಬಾಬೆಲಿಗೆ ಕೊಳ್ಳೆಹೋದ ದೇವಾಲಯದ ಪಾತ್ರೆಗಳೆಲ್ಲ ಎರಡು ವರ್ಷದೊಳಗೆ ಮರಳುತ್ತವೆ ಎಂದ. ಯೆರೆಮೀಯ ಆಮೆನ್, ಹಾಗೇ ಆಗಲಿ ಎಂದ. ಆಮೇಲೆ ಒಂದೇ ಆಕ್ಷೇಪ ಎತ್ತಿದ: ನಮಗಿಂತ ಹಿಂದಿನವರು ಯುದ್ಧ, ಕೇಡು, ರೋಗಗಳನ್ನೇ ನುಡಿದರು; ಸಮಾಧಾನ ನುಡಿಯುವವನನ್ನು ಮಾತ್ರ ನಡೆದ ಮೇಲೆ ನಂಬಬೇಕು. ರುಜುವಾತಿನ ಹೊರೆ ಸಿಹಿಮಾತಿನವನ ಮೇಲೆ. ಹನನ್ಯ ನೊಗ ಕಿತ್ತು ಮುರಿದ. ಯೆರೆಮೀಯನ ಬಳಿ ಆಗ ಉತ್ತರವಿರಲಿಲ್ಲ. ‘ತನ್ನ ದಾರಿ ಹಿಡಿದು ಹೋದನು’ ಎಂದಷ್ಟೇ ಇದೆ. ಮರದ ನೊಗದ ಬದಲು ಕಬ್ಬಿಣದ್ದು ಎಂಬ ಮಾತು ಬಂದದ್ದು ಆನಂತರ. ಓಲೆ ಬರುವ ತನಕ ಓಲೆಕಾರನಿಗೆ ಸ್ವಂತ ಮಾತಿಲ್ಲ. ಅವನ ಅಧಿಕಾರಕ್ಕೆ ಆ ಬೆನ್ನು ತಿರುಗಿಸಿದ ನಡೆಗಿಂತ ಒಳ್ಳೆಯ ಪುರಾವೆ ನನಗೆ ಕಂಡಿಲ್ಲ.

ಕಾರಣ ಕೊಡುವ ದೇವರು ಎದುರುವಾದಕ್ಕೂ ಸಿಕ್ಕಿಬೀಳುತ್ತಾನೆ. ಮಿಡತೆ, ಬೆಂಕಿಗಳ ದರ್ಶನ ಕಂಡಾಗ ಆಮೋಸ ‘ಯಾಕೋಬ (ಅಂದರೆ ಇಸ್ರಾಯೇಲ್ ಜನ) ಎಷ್ಟು ಚಿಕ್ಕವನು, ಹೇಗೆ ನಿಂತಾನು’ ಎಂದು ಎರಡು ಸಲ ತಡೆಯುತ್ತಾನೆ, ಎರಡು ಸಲವೂ ಶಿಕ್ಷೆ ನಿಲ್ಲುತ್ತದೆ. ಮೂರನೆಯ ದರ್ಶನದಲ್ಲಿ ತಡೆಯುವುದಿಲ್ಲ. ಯೆರೆಮೀಯನಿಗಂತೂ ಈ ಜನರ ಪರವಾಗಿ ಬೇಡಿಕೊಳ್ಳಬೇಡ ಎಂಬ ಅಪ್ಪಣೆಯೇ ಆಗುತ್ತದೆ. ಬೇಡದಿರು ಎಂದು ಹೇಳಬೇಕಾಯಿತೆಂದರೆ ಬೇಡಿದರೆ ಕೆಲಸವಾಗುತ್ತಿತ್ತು ಎಂದಲ್ಲವೇ? ಅದೇ ಯೆರೆಮೀಯ ಹನ್ನೆರಡನೆಯ ಅಧ್ಯಾಯದಲ್ಲಿ ಕಟಕಟೆಯನ್ನೇ ತಿರುಗಿಸುತ್ತಾನೆ: ನಾನು ವ್ಯಾಜ್ಯ ತಂದಾಗೆಲ್ಲ ನೀನೇ ಸರಿ, ಗೊತ್ತು, ಆದರೂ ಕೇಳುತ್ತೇನೆ, ದುಷ್ಟರ ಬಾಳು ಯಾಕೆ ಹಸನಾಗಿದೆ? ಬಳಸಿದ ಕ್ರಿಯಾಪದ ಅದೇ ರೀವ್.

ಇಂಥ ತೀರ್ಪುಗಳನ್ನು ಮುಂದೆ ಕ್ರೈಸ್ತ ವಾಗ್ವಾದಿಗಳು ಯೆಹೂದ್ಯರ ಮೇಲೆ ಎತ್ತಿ ಎಸೆದದ್ದು ಬೇರೆಯೇ ದುರಂತ. ಬೈಗುಳವೆಲ್ಲ ಅವರಿಗೆ, ವಾಗ್ದಾನವೆಲ್ಲ ತಮಗೆ. ಒಂದು ಜನ ತನ್ನ ಮೇಲಿನ ಆರೋಪಪಟ್ಟಿಯನ್ನು ತಾನೇ ನಕಲು ಮಾಡಿ ಕಾಪಾಡಿಕೊಂಡು ಬಂದದ್ದನ್ನು ಅದರ ವಿರುದ್ಧದ ಸಾಕ್ಷಿಯಾಗಿ ಬಳಸುವುದು ಅಮಚ್ಯನ ವರದಿಗಿಂತಲೂ ಕೀಳು.

ಅಮಚ್ಯನ ಸಂತತಿ ಬೈಬಲಿನ ಒಳಗೂ ಬೆಳೆಯುತ್ತದೆ. ಯೆಹೂದದ ಅರಸ ಯೆಹೋಯಾಕೀಮನ ಆಳ್ವಿಕೆಯ ಮೊದಲಲ್ಲಿ, ಕ್ರಿ.ಪೂ. 609ರ ಹೊತ್ತಿಗೆ, ಯೆರೆಮೀಯ ದೇವಾಲಯದ ಅಂಗಳದಲ್ಲಿ ನಿಂತು, ನಡತೆ ತಿದ್ದಿಕೊಳ್ಳಿ, ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸಬೇಡಿ, ಇಲ್ಲವಾದರೆ ಈ ದೇವಾಲಯ ಹಳೆಯ ಶೀಲೋ ಗುಡಿಯಂತೆಯೇ ಹಾಳಾಗುತ್ತದೆ ಎಂದ. ಅರ್ಚಕರು ಅವನನ್ನು ಹಿಡಿದು ವಿಚಾರಣೆಗೆ ತಂದಾಗ ಹೇಳಿದ್ದು: ಇವನಿಗೆ ಸಾವೇ ಸರಿ, ಈ ಪಟ್ಟಣಕ್ಕೆ ವಿರುದ್ಧವಾಗಿ ನುಡಿದಿದ್ದಾನೆ. ‘ತಿದ್ದಿಕೊಳ್ಳಿ’ ಹಾರಿಹೋಯಿತು. ಆಗ ಕೆಲವು ಹಿರಿಯರು ಎದ್ದು ನಜೀರು, ಅಂದರೆ ಹಿಂದಿನ ಪ್ರಕರಣದ ಉದಾಹರಣೆ, ತೆಗೆದರು: ಮೀಕನೂ ಇದನ್ನೇ ನುಡಿದನಲ್ಲ, ಹಿಜ್ಕೀಯ ಅವನನ್ನು ಕೊಂದನೇ? ದೇವರಿಗೆ ಅಂಜಿ ಬೇಡಿಕೊಂಡ, ಕೇಡು ತಪ್ಪಿತು. ನಡೆಯದ ಪ್ರವಾದನೆಯೇ ಪ್ರವಾದಿಯ ಪರ ಸಾಕ್ಷಿಯಾಗಿ ನಿಂತ ಜಾಗ ಇದು.

ಕೆಲವು ವರ್ಷಗಳ ಮೇಲೆ, ಕ್ರಿ.ಪೂ. 604ರ ಚಳಿಗಾಲದ ಒಂಬತ್ತನೆಯ ತಿಂಗಳು, ಬಾಬೆಲಿನ ವೃತ್ತಾಂತದ ಪ್ರಕಾರ ನೆಬೂಕದ್ನೆಚ್ಚರ ಅಷ್ಕೆಲೋನನ್ನು ಹಿಡಿದ ತಿಂಗಳೇ ಅದು, ಲಿಪಿಕಾರ ಬಾರೂಕ ಬರೆದ ಯೆರೆಮೀಯನ ಸುರುಳಿಯನ್ನು ಯೆಹೋಯಾಕೀಮನ ಮುಂದೆ ಓದಲಾಯಿತು. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಅರಸ ಲೇಖಕನ ಚೂರಿಯಿಂದ ಅಷ್ಟನ್ನು ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕಿದ. ಅವನು ಕೇಳಿದ ಪ್ರಶ್ನೆಯನ್ನೂ ಗ್ರಂಥ ಉಳಿಸಿಕೊಂಡಿದೆ: ಬಾಬೆಲಿನ ಅರಸ ಬಂದು ಈ ದೇಶವನ್ನು ಹಾಳುಮಾಡುತ್ತಾನೆ ಎಂದು ಯಾಕೆ ಬರೆದೆ? ಮತ್ತೆ ಶಿಕ್ಷೆ ಮಾತ್ರ. ಬಾರೂಕ ಎರಡನೆಯ ಸುರುಳಿ ಬರೆದ. ಅದರಲ್ಲಿ ಅಂಥ ಇನ್ನೂ ಎಷ್ಟೋ ಮಾತುಗಳನ್ನು ಸೇರಿಸಲಾಯಿತಂತೆ.

609ರ ಆ ವಿಚಾರಣೆಯಲ್ಲಿ ಯೆರೆಮೀಯ ಉಳಿದದ್ದು ನಜೀರಿನಿಂದಲೋ ಶಾಫಾನನ ಮಗ ಅಹೀಕಾಮನ ಪ್ರಭಾವದಿಂದಲೋ. ಅಧ್ಯಾಯ ಎರಡನ್ನೂ ಹೇಳುತ್ತದೆ. ಎರಡರ ನಡುವೆ ಇನ್ನೊಬ್ಬನ ಕತೆಯನ್ನು ತುರುಕಿದೆ. ಕಿರ್ಯತ್ಯಾರೀಮಿನ ಊರೀಯ, ಶೆಮಾಯನ ಮಗ. ಅವನೂ ಇದನ್ನೇ ನುಡಿದ. ಅರಸ ಕೊಲ್ಲಲು ಹೊರಟಾಗ ಈಜಿಪ್ಟಿಗೆ ಓಡಿದ. ಅಕ್ಬೋರನ ಮಗ ಎಲ್ನಾಥಾನ ಮತ್ತು ಸಂಗಡಿಗರು ಹೋಗಿ ಹಿಡಿದು ತಂದರು. ಅರಸ ಕತ್ತಿಯಿಂದ ಕೊಂದು ಹೆಣವನ್ನು ಸಾಮಾನ್ಯರ ಗೋರಿಗಳಲ್ಲಿ ಎಸೆದ. 1935ರಲ್ಲಿ ಯೆಹೂದದ ಕೋಟೆಪಟ್ಟಣ ಲಾಕೀಷಿನಲ್ಲಿ ಸಿಕ್ಕ ಮಡಕೆಚೂರಿನ ಪತ್ರವೊಂದರಲ್ಲಿ ಎಲ್ನಾಥಾನನ ಮಗನೊಬ್ಬ ಈಜಿಪ್ಟಿಗೆ ಹೋದ ಸುದ್ದಿಯೂ ‘ಪ್ರವಾದಿ’ ಎಂಬ ಪದವೂ ಇರುವುದರಿಂದ ಅದು ಊರೀಯನದೇ ಕತೆ ಎಂದು ಒಂದು ಕಾಲದಲ್ಲಿ ವಾದಿಸಿದ್ದರು. ಆ ಪತ್ರ ಯೆರೂಸಲೇಮ್ ಬೀಳುವ ಹೊತ್ತಿನದು, ಹೊಂದುವುದಿಲ್ಲ. ಊರೀಯನ ಬಗ್ಗೆ ಉಳಿದಿರುವುದು ಆ ನಾಲ್ಕು ವಚನ. ಅವನು ಏನು ಹೇಳಿದ ಎಂಬುದಕ್ಕೆ, ‘ಈ ಪಟ್ಟಣಕ್ಕೂ ಈ ದೇಶಕ್ಕೂ ವಿರುದ್ಧವಾಗಿ ನುಡಿದನು’ ಎಂದಿದೆ. ಯಾಕೆ ನುಡಿದ ಎಂಬುದು ಅವನ ವಿಷಯದಲ್ಲಿ ಯೆರೆಮೀಯನ ಗ್ರಂಥದಲ್ಲೂ ಇಲ್ಲ.